ಅನಾಕ್ರಿಯಾನ್ ಸಂಘಗೀತೆಯ ಕರ್ತೃತ್ವ

ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಷ್ಟ್ರಗೀತೆಯ ಮಟ್ಟು ಮೂಲತಃ ಲಂಡನ್ನಿನ ಸಂಗೀತಪ್ರಿಯರ ಕೂಟವೊಂದರ ಸಂಘಗೀತೆಯದು ಎಂಬುದು ನಿರ್ವಿವಾದ. ಆದರೆ ಅದನ್ನು ಕುರಿತು ಎರಡು ಮಾತುಗಳು ವಿಮರ್ಶೆಯಿಲ್ಲದೆ ಪುನರುಕ್ತವಾಗುತ್ತ ಬಂದಿವೆ: ಅದು ಕೇವಲ ಪಾನಗೋಷ್ಠಿಯ ಹಾಡೆಂಬುದೊಂದು, ಮಟ್ಟಿನ ಕರ್ತೃ ಅಜ್ಞಾತನೆಂಬುದು ಇನ್ನೊಂದು. ಇವೆರಡನ್ನೂ ನಾವು ಇಲ್ಲಿ ಒರೆಗೆ ಹಚ್ಚಿ ನೋಡಬಯಸುತ್ತೇವೆ.

1766ರ ಸುಮಾರಿಗೆ ಹುಟ್ಟಿದ ಅನಾಕ್ರಿಯಾನ್ ಸಂಘವು ಮುಂದೆ ಸ್ಟ್ರ್ಯಾಂಡ್ ಬೀದಿಯ ‘ಕ್ರೌನ್ ಅಂಡ್ ಆಂಕರ್’ ಪಾನಗೃಹದಲ್ಲಿ ಸೇರುತ್ತಿತ್ತು. ಮೊದಲು ವಾದ್ಯಗೋಷ್ಠಿ, ಅನಂತರ ಭೋಜನ, ಆಮೇಲೆ ಸಂಘಗೀತೆ. ಇದು ಅಲ್ಲಿಯ ಕ್ರಮ. 1791ರಲ್ಲಿ ಹೈಡನ್ನನೂ ಅಲ್ಲಿಗೆ ಅತಿಥಿಯಾಗಿ ಬಂದಿದ್ದನು. ಮಧು ಮತ್ತು ಪ್ರಣಯಗಳ ಗ್ರೀಕ್ ಕವಿಯನ್ನು ಕುರಿತ ಹಾಡಿನಲ್ಲಿ ಮಧುವಿನ ಪ್ರಸ್ತಾಪವಿರುವುದು ಸಹಜವೇ. ಆದರೆ ಅದರ ಮಟ್ಟು, ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮಧ್ಯ ಷಡ್ಜದಿಂದ ತಾರ ಪಂಚಮದವರೆಗೆ ಏರುತ್ತದೆ. ನುರಿತ ಗಾಯಕನೊಬ್ಬನು ಪದ್ಯವನ್ನು ಹಾಡಿ, ಉಳಿದವರು ಕೊನೆಯ ಪಂಕ್ತಿಗಳಲ್ಲಿ ದನಿಗೂಡಿಸುವುದಕ್ಕೆ ತಕ್ಕ ರಚನೆಯಿದು; ಅಮಲೇರಿದ ಗುಂಪಿನ ಗದ್ದಲಕ್ಕೆ ತಕ್ಕುದಲ್ಲ.

ಇನ್ನು ಕರ್ತೃತ್ವ. 1780ರ ಸುಮಾರಿನ ಲಾಂಗ್‌ಮನ್ ಮತ್ತು ಬ್ರೋಡರಿಪ್ ಮುದ್ರಣವು ಸಾಹಿತ್ಯವನ್ನು ಸಂಘದ ದಿವಂಗತ ಅಧ್ಯಕ್ಷ ರಾಲ್ಫ್ ಟಾಮ್ಲಿನ್‌ಸನ್ನನದೆಂದು ಸಾರುತ್ತದೆ. ಮಟ್ಟು ಯಾರದೆಂದು ಹೇಳುವುದಿಲ್ಲ. ಈ ಮೌನದಿಂದಲೇ ಸ್ಯಾಮ್ಯುಯೆಲ್ ಅರ್ನಾಲ್ಡ್ ಮೊದಲಾದವರ ಹೆಸರುಗಳು ಕೇಳಿಬಂದವು. 1799ರಲ್ಲಿ ಜಾನ್ ಸ್ಟಾಫರ್ಡ್ ಸ್ಮಿತ್ ತನ್ನ ಗೀತಸಂಗ್ರಹದಲ್ಲಿ ಇದನ್ನು ಸೇರಿಸಿ, ಸ್ವರಮೇಳವನ್ನು ‘ಕರ್ತೃ’ವೇ ಅಳವಡಿಸಿದನೆಂದು ಸೂಚಿಸಿದನು. ಇಲ್ಲಿ ‘ಕರ್ತೃ’ವೆಂದರೆ ಮಟ್ಟಿನ ಕರ್ತೃವೋ, ಸಂಗ್ರಹದ ಕರ್ತೃವೋ? ಇದೊಂದರಿಂದಲೇ ನಿರ್ಣಯ ಸಾಧ್ಯವಿಲ್ಲ. 1914ರ ತಮ್ಮ ಗ್ರಂಥದಲ್ಲಿ ಆಸ್ಕರ್ ಸೊನೆಕ್ ಸ್ಮಿತ್‌ನ ಪಕ್ಷಕ್ಕೆ ಒಲಿದರೂ ಸಂಶಯ ಪೂರ್ಣವಾಗಿ ಅಳಿಯಲಿಲ್ಲ.

1977ರಲ್ಲಿ ವಿಲಿಯಂ ಲಿಕ್ಟನ್‌ವಾಂಗರ್ ಬೆಳಕಿಗೆ ತಂದ ಸಾಕ್ಷ್ಯವು ಬೇರೆ ಬಗೆಯದು. ಸಂಘವನ್ನು ಬಲ್ಲ ಸಂಗೀತಗಾರ ಆರ್. ಜೆ. ಎಸ್. ಸ್ಟೀವನ್ಸ್ ತನ್ನ ನೆನಪುಗಳ ಹಸ್ತಪ್ರತಿಯಲ್ಲಿ, ಟಾಮ್ಲಿನ್‌ಸನ್ನನ ಪದ್ಯಕ್ಕೆ ಸಂಗೀತ ಕೂಡಿಸಿದವನು ಸ್ಮಿತ್ ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ನೆನಪಿನ ಬರಹವನ್ನು ಕಣ್ಣುಮುಚ್ಚಿ ನಂಬಲಾಗದು. ಆದರೆ ಅನ್ಯನೊಬ್ಬನ ಕೈಯಿಂದ ಬಂದ ಈ ಮಾತು 1799ರ ಅಸ್ಪಷ್ಟ ಸೂಚನೆಯೊಡನೆ ಹೊಂದುವುದರಿಂದ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ. ಕರ್ತೃ ಅಜ್ಞಾತನೆಂಬ ಮಾತಿಗೆ ಇನ್ನು ನೆಲೆಯಿಲ್ಲ.

ಹಾಗಾದರೆ ಮೊದಲ ಮುದ್ರಣದ ಮೌನಕ್ಕೆ ಕಾರಣವೇನು? ಕೂಟದ ಒಡೆತನ ಹವ್ಯಾಸಿ ಮಹನೀಯರದು; ವೃತ್ತಿಗಾಯಕರು ಅಲ್ಲಿ ಗೌರವ ಸದಸ್ಯರು ಮಾತ್ರ. ಅಧ್ಯಕ್ಷನ ಹೆಸರನ್ನು ಉಳಿಸಿ ವೃತ್ತಿಗಾರನ ಹೆಸರನ್ನು ಬಿಟ್ಟದ್ದರಲ್ಲಿ ಈ ಅಂತಸ್ತಿನ ಭೇದವೇ ಕಾಣುತ್ತದೆಂದು ನಮ್ಮ ಊಹೆ. 1814ರಲ್ಲಿ ಫ್ರಾನ್ಸಿಸ್ ಸ್ಕಾಟ್ ಕೀಯ ಪದ್ಯ ಬಾಲ್ಟಿಮೋರಿನಲ್ಲಿ ಕರಪತ್ರವಾಗಿ ಹೊರಟಾಗ, ಅದರ ಮೇಲೆ ಅಚ್ಚಾದುದು ಹಳೆಯ ಹಾಡಿನ ಹೆಸರು ಮಾತ್ರ. 1931ರಲ್ಲಿ ಅದು ಶಾಸನಬದ್ಧ ರಾಷ್ಟ್ರಗೀತೆಯಾಯಿತು. ಆಧಾರಪತ್ರದ ಮೌನವನ್ನು ಕರ್ತೃವಿನ ಅಭಾವವೆಂದು ತಿಳಿಯುವುದು ಇತಿಹಾಸಕಾರನಿಗೆ ಸಲ್ಲದು. ಆ ಮೌನ ಯಾರಿಗೆ ಅನುಕೂಲವಾಗಿತ್ತೆಂದು ಕೇಳುವುದು ಅವನ ಕರ್ತವ್ಯ.