ಅಪ್ಪನ ಹೊಲದ ನೆಪ

ಬಾಲಕಾರ್ಮಿಕ ಪದ್ಧತಿಯ ಮಾತೆತ್ತಿದರೆ ಚಿತ್ರದುರ್ಗ ಸೀಮೆಯಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ‘ನಮ್ಮ ಹೊಲದಾಗೆ ನಮ್ಮ ಹುಡುಗ್ರು ಕೆಲಸ ಮಾಡಿದ್ರೆ ತಪ್ಪೇನೈತೆ?’ ಎನ್ನುವುದು ಒಂದು. ‘ಮೊದ್ಲು ಬಡತನ ಹೋಗ್ಲಿ, ಕಾನೂನು ಆಮೇಲೆ’ ಎನ್ನುವುದು ಇನ್ನೊಂದು. ರೈತರು ಮಾತ್ರವಲ್ಲ, ಓದಿದವರೂ ಅಧಿಕಾರದಲ್ಲಿರುವವರೂ ಇದನ್ನೇ ಲೋಕಜ್ಞಾನವೆಂದು ಒಪ್ಪಿಕೊಂಡಿದ್ದಾರೆ. ಮೊದಲನೆಯದು ಬರೀ ನೆಪ, ಎರಡನೆಯದು ತಪ್ಪು. ಮಕ್ಕಳ ಪರವಾಗಿ ಸಂವಿಧಾನ ಎಳೆದ ಗೆರೆ ಇವುಗಳಿಂದಲೇ ಮಸುಕಾಗುತ್ತಿದೆ.

ಅಪ್ಪನಿಗೆ ಬುತ್ತಿ ಒಯ್ಯುವ, ರಜೆಯಲ್ಲಿ ಕುರಿಮರಿ ಮೇಯಿಸುವ ಮಗುವನ್ನು ಯಾವ ಕಾನೂನೂ ತಡೆದಿಲ್ಲ. ಪ್ರಶ್ನೆ ಇರುವುದು ಬೇರೆಯವರ ಹೊಲದಲ್ಲಿ, ಬೇರೆಯವರ ಕಣದಲ್ಲಿ. ಹಿರಿಯೂರು ಕಡೆ ಶೇಂಗಾ ಬಿಡಿಸುವುದು, ಚಿತ್ರದುರ್ಗದ ಸುತ್ತ ಈರುಳ್ಳಿ ಕೊಯ್ದು ಚೀಲ ತುಂಬುವುದು, ಹೊಳಲ್ಕೆರೆ, ಹೊಸದುರ್ಗದಲ್ಲಿ ಅಡಿಕೆ ಸುಲಿಯುವುದು: ಇಂಥ ಕೆಲಸಗಳಿಗೆ ದಿನಗೂಲಿಗಿಂತ ಚೀಲದ, ತೂಕದ ಲೆಕ್ಕದಲ್ಲಿ ದುಡ್ಡು ಕೊಡುವುದೇ ಸಲೀಸು. ಎಷ್ಟು ಕೈ ದುಡಿದವು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಗಂಡ ಹೆಂಡತಿಯ ಜತೆ ಹನ್ನೊಂದರ ಹುಡುಗಿಯೂ ಕೂತರೆ ಚೀಲ ಬೇಗ ತುಂಬುತ್ತದೆ. ಲೆಕ್ಕದಲ್ಲಿ ಮಾತ್ರ ಅವಳ ಹೆಸರಿರುವುದಿಲ್ಲ.

ಬಡತನದ ವಾದ ಬೀಳುವುದೂ ಇಲ್ಲಿಯೇ. ಮೂರು ಜನರ ದುಡಿಮೆಯಿಂದ ಒಂದು ಮನೆ ಹೇಗೋ ನಡೆಯುವಂತಿದ್ದರೆ, ಇಬ್ಬರ ದುಡಿಮೆಯಿಂದಲೇ ಮನೆ ನಡೆಯುವಷ್ಟು ಚೀಲದ ದರವನ್ನು ಏರಿಸುವ ಒತ್ತಡ ಯಾರ ಮೇಲೂ ಬೀಳುವುದಿಲ್ಲ. ಮಗುವಿನ ಕೈ ದೊಡ್ಡವರ ಕೂಲಿಯನ್ನು ಕೆಳಗೆ ಹಿಡಿದಿಡುತ್ತದೆ. ಆ ಕೂಲಿ ಸಾಲದೆ ಮುಂದಿನ ಸುಗ್ಗಿಗೂ ಮಗು ಬರಬೇಕಾಗುತ್ತದೆ. ಬಡತನದಿಂದ ಹುಟ್ಟಿದ ದುಡಿಮೆ ಬಡತನವನ್ನೇ ಸಾಕುತ್ತಿರುವಾಗ ‘ಮೊದಲು ಬಡತನ ಹೋಗಲಿ’ ಎನ್ನುವುದು ಎಂದೂ ಬಾರದ ದಿನಕ್ಕೆ ಕಾಯುವ ಮಾತು.

ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರೂ ಸದಸ್ಯರಾಗಿದ್ದ ಸಂವಿಧಾನ ಸಭೆ 24ನೇ ವಿಧಿಯನ್ನು ಮೂಲಭೂತ ಹಕ್ಕುಗಳ ಭಾಗದಲ್ಲಿ ಇಟ್ಟಿತು. 14 ವರ್ಷದೊಳಗಿನ ಮಗುವನ್ನು ಕಾರ್ಖಾನೆ, ಗಣಿ ಅಥವಾ ಬೇರಾವುದೇ ಅಪಾಯಕಾರಿ ಕೆಲಸಕ್ಕೆ ಹಚ್ಚಕೂಡದು ಎಂಬುದು ಅದರ ಆದೇಶ. ಹೊಸದುರ್ಗ, ಹೊಳಲ್ಕೆರೆ ಕಡೆಯ ಕಬ್ಬಿಣದ ಅದಿರಿನ ಗಣಿಗಳಿಗೆ ಈ ಗೆರೆ ಸ್ಪಷ್ಟ. ಅಡಿಕೆ ಕಣದ ಹೆಸರು ಅದರಲ್ಲಿಲ್ಲ. ಆ ಕೊರತೆಯನ್ನು 1986ರ ಬಾಲಕಾರ್ಮಿಕ ಕಾಯ್ದೆಗೆ ಬಂದ 2016ರ ತಿದ್ದುಪಡಿ ತುಂಬಿತು: 14ರೊಳಗಿನ ಮಕ್ಕಳನ್ನು ಎಲ್ಲ ಉದ್ಯೋಗಗಳಿಂದಲೂ ದೂರವಿಟ್ಟಿತು. ಆದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕುಟುಂಬಕ್ಕೆ, ಕುಟುಂಬದ ಉದ್ಯಮಕ್ಕೆ ನೆರವಾಗಬಹುದೆಂಬ ವಿನಾಯಿತಿಯನ್ನೂ ಕೊಟ್ಟಿತು. ಚಿಕ್ಕಪ್ಪ, ಅತ್ತೆ, ಸೋದರಮಾವಂದಿರೂ ಆ ‘ಕುಟುಂಬ’ದೊಳಗೆ ಬಂದರು.

ಈ ವಿನಾಯಿತಿಯನ್ನೇ ಎಲ್ಲದಕ್ಕೂ ರಹದಾರಿ ಎಂದು ಓದುವವರು 2017ರ ನಿಯಮಗಳನ್ನು ನೋಡಬೇಕು. ಉದ್ಯಮ ಕುಟುಂಬದ ಕೈಯಲ್ಲೇ ಇರಬೇಕು. ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಮಗು ಕೆಲಸ ಮಾಡಕೂಡದು. ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರ ಕಣ ಕೂಲಿಕಾರನ ಉದ್ಯಮವಲ್ಲ. ಅಲ್ಲಿ ರಾತ್ರಿ ದೀಪದ ಬೆಳಕಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಮಗು, ಪಕ್ಕದಲ್ಲಿ ಅವ್ವ ಇದ್ದಾಳೆಂಬ ಕಾರಣಕ್ಕೆ ಮನೆಗೆಲಸ ಮಾಡಿದಂತಾಗುವುದಿಲ್ಲ.

ರೈತನ ಮಗನನ್ನು ಮುಂದಿಟ್ಟು ಬೇರೆಯವರ ಲಾಭ ಕಾಯುವ ಈ ವಾದ ಹಳೆಯದು. 1924ರಲ್ಲಿ ಅಮೆರಿಕದ ಕಾಂಗ್ರೆಸ್ ಬಾಲದುಡಿಮೆಗೆ ಮಿತಿ ಹಾಕುವ ಸಂವಿಧಾನ ತಿದ್ದುಪಡಿಯನ್ನು ರಾಜ್ಯಗಳ ಒಪ್ಪಿಗೆಗೆ ಕಳಿಸಿದಾಗ ಬಟ್ಟೆ ಗಿರಣಿಗಳ ಮಾಲೀಕರು ಅದರ ವಿರುದ್ಧ ನಿಂತರು. ಅಪ್ಪನ ಹೊಲದಲ್ಲಿ ಮಗ ಕೈಯಾಡಿಸಿದರೂ ಅಪರಾಧವಾಗುತ್ತದೆ ಎಂಬ ಭಯವನ್ನು ಹಳ್ಳಿಗಳಲ್ಲಿ ಬಿತ್ತಲಾಯಿತು. ಆಗಿನ 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು, ಒಪ್ಪಿದ್ದು 28. ಆ ತಿದ್ದುಪಡಿ ಇಂದಿಗೂ ಜಾರಿಯಾಗಿಲ್ಲ. ಅವರಿಗೆ ದಕ್ಕದ ಗೆರೆ ನಮಗೆ 1950ರಲ್ಲೇ ದಕ್ಕಿತು. ರಾಜ್ಯ ಸರ್ಕಾರ ಬೆನ್ನಿಗೆ ನಿಲ್ಲದಿದ್ದರೆ ದಕ್ಕಿಯೂ ಫಲವಿಲ್ಲ.

ಕಾರ್ಮಿಕ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಯ ಅಂಕಿತ ಪಡೆದು ಕರ್ನಾಟಕವೇ ವಿನಾಯಿತಿಯನ್ನು ತಂದೆತಾಯಿಯ ಸ್ವಂತ ಹೊಲ ಮನೆಗಷ್ಟೇ ಸೀಮಿತಗೊಳಿಸಬಹುದು. ಮಗು ಹೇಳದೆ ಕೇಳದೆ ಸತತ 30 ದಿನ ಗೈರಾದರೆ ಮುಖ್ಯಶಿಕ್ಷಕರು ನೋಡಲ್ ಅಧಿಕಾರಿಗೆ ತಿಳಿಸಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಅಷ್ಟರಲ್ಲಿ ಈರುಳ್ಳಿ ಮಂಡಿ ಸೇರಿ ಆಗಿರುತ್ತದೆ. ನಮ್ಮಲ್ಲಿ ಒಂದು ವಾರದ ಗೈರೇ ಕಾರ್ಮಿಕ ನಿರೀಕ್ಷಕರನ್ನು ಕಣಕ್ಕೆ ಕಳಿಸಬೇಕು.

ಕಾಯ್ದೆಯಂತೆ ದುಡಿಸಿಕೊಂಡವರಿಗೆ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಸೆರೆವಾಸ, ಅಥವಾ ಎರಡೂ. ಜಿಲ್ಲಾ ಪುನರ್ವಸತಿ ನಿಧಿಗೆ ದಂಡ ಜಮೆಯಾದರೆ ಸರ್ಕಾರವೂ ಪ್ರತಿ ಮಗುವಿಗೆ 15,000 ಸೇರಿಸಬೇಕು. ಅಂದರೆ ಮೊಕದ್ದಮೆಯೇ ಇಲ್ಲದಿದ್ದರೆ ಮಗುವಿಗೆ ಬಿಡಿಗಾಸೂ ಇಲ್ಲ. ‘ಪಾಪ, ಬಡವರು’ ಎಂದು ಕಣ್ಮುಚ್ಚುವ ಅಧಿಕಾರಿಯ ಕರುಣೆ ಮುಟ್ಟುವುದು ಮಾಲೀಕನಿಗೆ, ನಷ್ಟ ಮಗುವಿಗೆ.

ಈರುಳ್ಳಿ ದರ ನೆಲ ಕಚ್ಚಿದಾಗ ರೈತ ಹೆಚ್ಚು ಕೂಲಿ ಎಲ್ಲಿಂದ ಕೊಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡಬೇಕಾದದ್ದು ಬೆಲೆ ಮತ್ತು ಮಾರುಕಟ್ಟೆಯ ಹೊಣೆ ಹೊತ್ತ ಸರ್ಕಾರ. ಮಳೆ ಕೈಕೊಟ್ಟ ವರ್ಷ ಕಾಫಿ ಸೀಮೆಗೆ ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಊಟ, ವಸತಿ, ಪಾಠ ಒದಗಿಸಬೇಕಾದದ್ದೂ ಸರ್ಕಾರವೇ. ಈ ಖರ್ಚನ್ನು ಬೊಕ್ಕಸ ಹೊರದಿದ್ದರೆ ಅದನ್ನು ಹೊರುವವರು ಹತ್ತು ಹನ್ನೊಂದರ ಮಕ್ಕಳು. ಸಂವಿಧಾನ ಮೂಲಭೂತ ಹಕ್ಕೆಂದು ಬರೆದುಕೊಟ್ಟದ್ದನ್ನು ಬೆಳೆ ದರ ಸುಧಾರಿಸುವವರೆಗೆ ಮುಂದೂಡುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ.