ಕೈಲಾಗದ ದಾದಾಗಿರಿ: ‘ಫ್ರೆಂಚ್ ಬಿರಿಯಾನಿ’ಯ ಹಾಸ್ಯವಿಚಾರ

ಕನ್ನಡ ಚಲಚ್ಚಿತ್ರದಲ್ಲಿ ಪುಂಡನಿಗೆ ಸಂದಿರುವ ಮರ್ಯಾದೆ ಅಲ್ಪವಾದುದಲ್ಲ. 1995ರ ‘ಓಂ’, 2005ರ ‘ಜೋಗಿ’, ಅಗ್ನಿ ಶ್ರೀಧರರ ಆತ್ಮಕಥನವನ್ನು ಆಧರಿಸಿದ 2007ರ ‘ಆ ದಿನಗಳು’ ಮೊದಲಾದವುಗಳಲ್ಲಿ ಮಚ್ಚು ಹಿಡಿದವನ ಬದುಕು ಗಂಭೀರವಾದ ಕಥಾವಸ್ತುವೇ ಆಗಿದೆ. ಮಚ್ಚು ಹಿಡಿಯಲು ಹೊರಟು ಎಡವಿ ಬಿದ್ದವನನ್ನು ಕುರಿತ ಚಿತ್ರಗಳನ್ನಾದರೋ ನಮ್ಮ ವಿಮರ್ಶೆ ಲಘುವೆಂದು ಬದಿಗಿರಿಸಿದೆ. ಪನ್ನಗ ಭರಣರು ನಿರ್ದೇಶಿಸಿದ ‘ಫ್ರೆಂಚ್ ಬಿರಿಯಾನಿ’ ಅಂಥದೊಂದು ಚಿತ್ರ. ಚಿತ್ರಮಂದಿರಗಳು ಕೋವಿಡ್‌ನಿಂದ ಮುಚ್ಚಿದ್ದಾಗ, 2020ರ ಜುಲೈ 24ರಂದು, ಅದು ಅಂತರ್ಜಾಲದ ಮೂಲಕ ನೇರವಾಗಿ ಮನೆಗಳಿಗೆ ಬಂದಿತು.

ಕಥೆ ಬೆಂಗಳೂರಿನದು. ಶಿವಾಜಿನಗರದ ಆಟೋ ಚಾಲಕ ಅಸ್ಗರ್ ಮತ್ತು ಫ್ರಾನ್ಸಿನಿಂದ ಬಂದಿಳಿದ ಸೈಮನ್ ಮೂರು ದಿನ ಒಬ್ಬರಿಗೊಬ್ಬರು ಗಂಟುಬೀಳುತ್ತಾರೆ. ಅತ್ತ ದಾದಾ ಒಬ್ಬನ ಮಗನಾದ ಮಸಲ್ ಮಣಿ, ತಾನು ಎದುರುನೋಡುತ್ತಿದ್ದ ಚಾರ್ಲ್ಸ್ ಈತನೇ ಎಂದು ಸೈಮನ್ನನ ಬೆನ್ನುಹತ್ತುತ್ತಾನೆ. ಮಿಕ್ಕ ಗೊಂದಲವೆಲ್ಲ ಈ ತಪ್ಪಿನ ಸಂತಾನ. ತಂದೆಯ ಪದವಿ ಮಗನಿಗೆ ಬಂದಿದೆ, ಯೋಗ್ಯತೆ ಬಂದಿಲ್ಲ. (ವತನ ಹೋಗಿ ಗೌಡಕಿಯ ಗತ್ತು ಮಾತ್ರ ಉಳಿದ ಮನೆತನಗಳನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಭರತನು ಹಾಸ್ಯದ ವಿಭಾವಗಳಲ್ಲಿ ವಿಕೃತವೇಷ, ಧಾರ್ಷ್ಟ್ಯ, ಅಸತ್ಪ್ರಲಾಪಗಳನ್ನು ಎಣಿಸಿದ್ದಾನೆ. ಮಣಿಗೆ ಧಾರ್ಷ್ಟ್ಯವೇ ಬಂಡವಾಳ. ಇವನ ಪೂರ್ವಜನನ್ನು ಹುಡುಕಹೊರಟರೆ ಶೂದ್ರಕನ ‘ಮೃಚ್ಛಕಟಿಕ’ದ ಶಕಾರ ಎದುರಾಗುತ್ತಾನೆ: ರಾಜನ ಮೈದುನನೆಂಬ ಬಲ, ರಾಮಾಯಣ ಭಾರತಗಳನ್ನು ಕಲಸಿ ಉದುರಿಸುವ ಪಾಂಡಿತ್ಯ, ‘ಸ’ ಎನ್ನಲಾರದೆ ‘ಶ’ ಎನ್ನುವ ನಾಲಗೆ.

ಈ ನಾಲಗೆಯ ಪ್ರಶ್ನೆಯೇ ನಮಗೆ ಮುಖ್ಯವಾದುದು. ಯಾದಗಿರಿ, ಶಹಾಪುರ, ಸುರಪುರಗಳು 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. ಕಚೇರಿಯ ಉರ್ದು, ಓಣಿಯ ದಖನಿ, ಮನೆಯ ಕನ್ನಡ ಇಲ್ಲಿ ಎಷ್ಟೋ ವೇಳೆ ಒಂದೇ ಬಾಯಲ್ಲಿ ಬಾಳಿವೆ. ‘ಜಲ್ದಿ ಬಾ, ದವಾಖಾನಿಗಿ ಹೋಗಬೇಕು’ ಎಂದರೆ ಶಹಾಪುರದ ಪೇಟೆಯಲ್ಲಿ ಯಾರೂ ನಗುವುದಿಲ್ಲ. ಇಂಥ ಮಾತು ಬೆಂಗಳೂರಿನ ಚಿತ್ರದಲ್ಲಿ ಕೇಳಿಬಂದೊಡನೆ, ಆಡಿದ ಪಾತ್ರ ಪೆದ್ದನೆಂದೋ ಪುಂಡನೆಂದೋ ಪ್ರೇಕ್ಷಕರು ತಿಳಿದುಕೊಳ್ಳುವುದನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ತರಗತಿಯಲ್ಲಿ ಬಾಯಿ ತೆರೆಯಲು ಅಳುಕುವ ನಮ್ಮ ವಿದ್ಯಾರ್ಥಿಯ ಸಂಕೋಚದಲ್ಲಿ ಆ ನಗೆಗೂ ಪಾಲುಂಟು.

ಅಸ್ಗರನ ದಖನಿ ಬೆರೆತ ಕನ್ನಡವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಚಿತ್ರ ಬಹುಮಟ್ಟಿಗೆ ಗೆಲ್ಲುತ್ತದೆ. ದಾನಿಶ್ ಸೇಠರ ಅಸ್ಗರ್ ಮಾತಿನಿಂದಲೇ ಇಕ್ಕಟ್ಟುಗಳನ್ನು ದಾಟುವವನು. ಆ ಮಿಶ್ರಭಾಷೆ ಅವನ ಜಾಣತನದ ಉಪಕರಣ. ಮಹಾಂತೇಶ ಹಿರೇಮಠರ ಮಣಿಯೂ ನಗೆಗೀಡಾಗುವುದು ಮುಖ್ಯವಾಗಿ ತನ್ನ ಹವಣಿಕೆಗೂ ಶಕ್ತಿಗೂ ಇರುವ ಅಂತರದಿಂದ. ಆದರೂ ಪ್ರಸಂಗ ಸೊರಗಿದ ಕಡೆಗಳಲ್ಲಿ ಸಂಭಾಷಣೆ ಉಚ್ಚಾರಣೆಯನ್ನೇ ಊರುಗೋಲಾಗಿ ಹಿಡಿಯುತ್ತದೆ. ಅಲ್ಲಿ ನಮಗೆ ನಗೆ ಬರಲಿಲ್ಲ.

ಇಟಲಿಯ ಮಾರಿಯೊ ಮೊನಿಚೆಲ್ಲಿಯ ‘ಇ ಸೋಲಿತಿ ಇಗ್ನೋತಿ’ (1958) ಇದೇ ಜಾತಿಯ ಚಿತ್ರ. ಅಲ್ಲಿಯೂ ಪ್ರಾಂತ್ಯದ ನುಡಿಗಳ ವಿನೋದವಿದೆ. ಸಿಸಿಲಿಯವನ ಪಾತ್ರ ವಹಿಸಿದ ತಿಬೇರಿಯೊ ಮುರ್ಜಾ ನಿಜದಲ್ಲಿ ಸಾರ್ಡೀನಿಯದವನು, ಕಂಠ ಬೇರೊಬ್ಬನದು! ಆದರೆ ಕೊನೆಯ ನಗೆ ಬೇರೆಡೆಯಿಂದ ಬರುತ್ತದೆ. ತಿಜೋರಿಗಾಗಿ ಗೋಡೆ ಒಡೆದ ಕಳ್ಳರು ಅದೇ ಮನೆಯ ಅಡುಗೆಮನೆಯೊಳಕ್ಕೆ ತೂರಿ, ಅಲ್ಲಿದ್ದ ಕಡಲೆಯ ಅಡುಗೆಗೆ ಕೈಹಾಕುತ್ತಾರೆ. ಇವರು ಹಸಿದವರೆಂಬುದು ಆಗ ನಮಗೆ ಮನದಟ್ಟಾಗುತ್ತದೆ.

ಮಣಿಯ ಹಸಿವೆ ಯಾವುದೆಂದು ‘ಫ್ರೆಂಚ್ ಬಿರಿಯಾನಿ’ ಕೇಳುವುದಿಲ್ಲ. ಹೆಸರಿನಲ್ಲಿಯೇ ಅನ್ನವಿರುವ ಚಿತ್ರದಲ್ಲಿ ಇದೊಂದು ಕೊರತೆಯೇ ಸರಿ. ಅವನಿಂದ ಕೇಡಾದೀತೆಂಬ ಅಂಜಿಕೆಯನ್ನೂ ಅದು ಹುಟ್ಟಿಸುವುದಿಲ್ಲ. ಶಕಾರನಾದರೋ ನಗಿಸುತ್ತ ನಗಿಸುತ್ತಲೇ ವಸಂತಸೇನೆಯ ಕೊರಳಿಗೆ ಕೈಹಾಕುತ್ತಾನೆ, ಸಭೆಯ ನಗೆ ಗಂಟಲಲ್ಲಿಯೇ ನಿಲ್ಲುತ್ತದೆ. ಮಣಿಯ ಕೈ ಯಾರ ಕೊರಳನ್ನಾದರೂ ಮುಟ್ಟೀತೆಂದು ನಮಗೆ ಒಮ್ಮೆಯೂ ಅನ್ನಿಸಲಿಲ್ಲ.