ಲೋಕಾರಾಧನೆಯೂ ಲೋಕರಕ್ಷಣೆಯೂ

ಅಧಿಕಾರದಲ್ಲಿರುವವನು ಜನರ ಇಷ್ಟದಂತೆ ನಡೆಯಬೇಕೋ, ತನ್ನ ವಿವೇಚನೆಗೆ ತೋರಿದಂತೆ ನಡೆಯಬೇಕೋ ಎಂಬ ಪ್ರಶ್ನೆಯು ಚುನಾವಣೆಗಳೊಡನೆ ಹುಟ್ಟಿದುದೆಂದು ಅನೇಕರ ಭಾವನೆ. ಆಂಗ್ಲರ ಚರಿತ್ರೆಯನ್ನೋದಿದವರು ಎಡ್ಮಂಡ್ ಬರ್ಕನನ್ನು ನೆನೆಯುವರು. ಆತನು 1774ರಲ್ಲಿ ಬ್ರಿಸ್ಟಲ್ ನಗರದ ಮತದಾರರ ಎದುರಿನಲ್ಲಿಯೇ ತನ್ನ ವಿವೇಚನೆಯನ್ನು ಅವರಿಗೆ ಅಡವಿಡಲಾರೆನೆಂದು ವಾದಿಸಿದನು; 1780ರಲ್ಲಿ ಗೆಲ್ಲುವ ಆಸೆಯಿಲ್ಲವೆಂದು ಕಂಡು ಅದೇ ಕಣದಿಂದ ಹಿಂದೆಗೆದನು. ಆದರೆ ಈ ತೊಡಕನ್ನು ಬರ್ಕನಿಗಿಂತ ಸಾವಿರ ವರ್ಷಗಳ ಹಿಂದೆಯೇ ನಮ್ಮ ಕವಿಗಳು ಹಿಡಿದು ನೋಡಿದ್ದಾರೆ. ಅವುಗಳಲ್ಲಿ ಮೂರು ಕೃತಿಗಳನ್ನು ಇಲ್ಲಿ ವಿಮರ್ಶಿಸಬೇಕೆಂದಿದ್ದೇನೆ. ಎರಡು ನಮ್ಮ ನೆಲಕ್ಕೇ ಸೇರಿದವು. ಮೊದಲನೆಯದು ಹೊರಗಿನದಾದರೂ, ಅದರ ನಾಯಕನು ಮಳೆಗಾಲವನ್ನು ಕಳೆದನೆಂದು ಹೇಳುವ ಮಾಲ್ಯವಂತ ಗುಡ್ಡವು ಹಂಪೆಯಲ್ಲಿಯೇ ಇರುವುದರಿಂದ ಅದನ್ನೂ ಪರಕೀಯವೆನ್ನಲಾಗದು.

ಭವಭೂತಿಯ ಉತ್ತರರಾಮಚರಿತವನ್ನು ಪಾಠಶಾಲೆಗಳಲ್ಲಿ ಕರುಣರಸಕ್ಕೆ ಉದಾಹರಣೆಯಾಗಿ ಓದಿಸುವುದು ವಾಡಿಕೆ. ಅದರ ಮೊದಲನೆಯ ಅಂಕವನ್ನು ರಾಜನೀತಿಯ ದೃಷ್ಟಿಯಿಂದ ಓದಿದವರು ಕಡಿಮೆ. ಅಲ್ಲಿ ಕವಿಯು ಮಾಡಿರುವ ಏರ್ಪಾಡನ್ನು ಗಮನಿಸಬೇಕು. ವಸಿಷ್ಠರು, ಅರುಂಧತಿ, ತಾಯಂದಿರು ಎಲ್ಲರೂ ಋಷ್ಯಶೃಂಗನ ಯಜ್ಞಕ್ಕೆ ಹೋಗಿದ್ದಾರೆ. ಬುದ್ಧಿ ಹೇಳತಕ್ಕವರು ಅರಮನೆಯಲ್ಲಿ ಒಬ್ಬರೂ ಇಲ್ಲ. ಗುರುಗಳಿಂದ ಬಂದ ಸಂದೇಶವು ಪ್ರಜೆಗಳ ಅನುರಂಜನದಲ್ಲಿ ತೊಡಗಿರೆಂದು ಮಾತ್ರ ಹೇಳುತ್ತದೆ. ಆ ಮಾತಿನ ಬಿಸಿ ಆರುವ ಮೊದಲೇ ದುರ್ಮುಖನೆಂಬ ಚಾರನು ಬಂದು ಅಪವಾದವನ್ನು ರಾಮನ ಕಿವಿಯಲ್ಲಿ ಉಸುರುವನು. ಪ್ರೇಕ್ಷಕರಿಗೆ ಅದು ಕೇಳಿಸುವುದಿಲ್ಲ! ಒಂದು ರಾಜ್ಯದ ಲೋಕಮತವೆಂಬುದು ಒಬ್ಬನ ಬಾಯಿಂದ ಮತ್ತೊಬ್ಬನ ಕಿವಿಗೆ ಪಿಸುಮಾತಾಗಿ ಬರುವುದು. ಅದರ ಮೇಲೆ ಅದೇ ಘಳಿಗೆಯಲ್ಲಿ ತೀರ್ಪಾಗುವುದು. ದುಷ್ಟರ ನುಡಿಯನ್ನು ನಂಬಿ ಇಂಥದನ್ನು ನಿಶ್ಚಯಿಸುವಿರಾ ಎಂದು ಚಾರನೇ ತಡೆಯಲೆಳಸಿದರೆ, ಪೌರಜಾನಪದರನ್ನು ದುಷ್ಟರೆನ್ನುವುದೆಂತು ಎಂದು ರಾಮನು ಅವನ ಬಾಯಿ ಮುಚ್ಚಿಸುವನು. ದೋಷವಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಕೆಲವರಾಡಿದ ನಿಂದೆಯನ್ನು ರಾಮನು ಸಮಸ್ತ ಪೌರಜಾನಪದರ ಮತವೆಂದು ಎಣಿಸಿಬಿಟ್ಟನು. ನಮ್ಮ ಲಕ್ಷ್ಮೀಶನ ಜೈಮಿನಿಭಾರತದಲ್ಲಂತೂ ಈ ಲೋಕಮತವು ಇನ್ನೂ ಕಿರಿದಾಗಿ ಒಬ್ಬ ಅಗಸನ ಮನೆಯ ಜಗಳದ ಮಾತಾಗುತ್ತದೆ.

ಇದನ್ನು ಕವಿಯು ಆದರ್ಶವೆಂದೇ ಚಿತ್ರಿಸಿದ್ದಾನೆಂದು ಹೇಳುವವರುಂಟು. ಅಂಥವರು ಮೂರನೆಯ ಅಂಕದ ವಾಸಂತಿಯ ಮೂದಲಿಕೆಯನ್ನೂ, ನಾಲ್ಕನೆಯ ಅಂಕದ ಜನಕನ ಕೋಪವನ್ನೂ ಮರೆತಿರಬೇಕು. ರಾಮನು ತನ್ನ ಸುಖವನ್ನು ತ್ಯಜಿಸಿದುದು ಮಹತ್ತೇ ಸರಿ. ಆದರೆ ತ್ಯಾಗದ ದೊಡ್ಡತನದಿಂದ ತೀರ್ಪಿನ ತಪ್ಪು ಮುಚ್ಚಿಹೋಗಲಾರದು. ಜನರನ್ನು ಮೆಚ್ಚಿಸುವುದು ಲೋಕಾರಾಧನೆ. ಜನರನ್ನು ಕಾಪಾಡುವುದು ಲೋಕರಕ್ಷಣೆ. ಸೀತೆಯೂ ಆ ಲೋಕದೊಳಗಿನವಳೇ ಅಲ್ಲವೆ?

ಎರಡನೆಯದು ಕಂಪ್ಲಿಯ ಕಥೆ. ನಂಜುಂಡಕವಿಯ ಸಾಂಗತ್ಯವು ಕಾವ್ಯಗುಣದಲ್ಲಿ ಭವಭೂತಿಯ ಸಮೀಪಕ್ಕೆ ಬರುವಂಥದಲ್ಲ. ಯುದ್ಧವರ್ಣನೆಗಳಲ್ಲಿ ಓದುಗನಿಗೆ ಆಯಾಸವಾಗುವುದೂ ಉಂಟು. ಆದರೂ ನಮ್ಮ ಪ್ರಶ್ನೆಗೆ ಬೇಕಾದ ಒಂದು ಪಾತ್ರವು ಅಲ್ಲಿದೆ. ಮಲತಾಯಿ ರತ್ನಾಜಿಯು ಕುಮಾರರಾಮನ ಮೇಲೆ ಸುಳ್ಳು ದೂರು ಹೇಳುವಳು. ಕಂಪಿಲರಾಯನು ವಿಚಾರಿಸದೆ ಮಗನ ತಲೆ ತರಲು ಆಜ್ಞಾಪಿಸುವನು. ಮಂತ್ರಿ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುವನು. ಮುಂದೆ ದೆಹಲಿಯ ಸೈನ್ಯವು ಮುತ್ತಿದಾಗ ರಾಜ್ಯಕ್ಕೆ ಆಸರೆಯಾಗುವವನು ಆ ಬಚ್ಚಿಟ್ಟ ಮಗನೇ. ಅಣ್ಣನ ಆಜ್ಞೆಯನ್ನು ಲಕ್ಷ್ಮಣನು ಕಣ್ಣೀರಿನೊಡನೆ ನಡೆಸಿದನು, ಬೈಚಪ್ಪನು ನಡೆಸಲಿಲ್ಲ. ಅಧಿಕಾರಿಯು ಸ್ವಬುದ್ಧಿಯನ್ನು ಬಳಸತಕ್ಕ ಸಂದರ್ಭ ಯಾವುದೆಂಬುದಕ್ಕೆ ಇದಕ್ಕಿಂತ ತಿಳಿಯಾದ ದೃಷ್ಟಾಂತವನ್ನು ನಾನರಿಯೆ. ಮಂತ್ರಿಯು ತನಗೆ ಬೇಕಾದುದನ್ನು ಸಾಧಿಸಿಕೊಳ್ಳಲಿಲ್ಲ. ತಿದ್ದಲಾಗದ ಕಾರ್ಯವೊಂದನ್ನು, ವಿಚಾರಕ್ಕೆ ಎಡೆಯಾಗುವವರೆಗೆ, ತಡೆದನು ಅಷ್ಟೆ. ಆದರೂ ಅದಕ್ಕಾಗಿ ಒಡೆಯನಿಗೆ ಸುಳ್ಳು ಹೇಳಬೇಕಾಯಿತು, ಬೇರೊಂದು ತಲೆ ಬೇಕಾಯಿತು. ಆ ತಲೆ ಯಾರದೆಂದು ಕೇಳುವ ಓದುಗನಿಗೆ ಈ ಕಥೆಯಲ್ಲಿ ಪೂರ್ತಿ ಸಮಾಧಾನವಿಲ್ಲ.

ಇನ್ನು ಕೃಷ್ಣದೇವರಾಯನ ಆಮುಕ್ತಮಾಲ್ಯದ. ತೆಲುಗಿನ ಪ್ರೌಢಪ್ರಬಂಧವಿದು; ನಮ್ಮ ಸೀಮೆಯ ಮನೆಗಳಲ್ಲಿ ಆ ಭಾಷೆಯನ್ನು ಬಲ್ಲವರು ಹಲವರಿದ್ದರೂ ಗ್ರಂಥವನ್ನು ಬಿಚ್ಚುವವರು ವಿರಳ. ಗೋದಾದೇವಿಯ ಕಥೆಯ ನಡುವೆ, ನಾಲ್ಕನೆಯ ಆಶ್ವಾಸದಲ್ಲಿ, ಯಾಮುನಾಚಾರ್ಯನು ರಾಜ್ಯವನ್ನು ತೊರೆದು ಹೋಗುವಾಗ ಮಗನಿಗೆ ನೀತಿಯನ್ನು ಹೇಳುತ್ತಾನೆ. ಕಥೆಗೆ ಅದು ಅಷ್ಟೇನೂ ಹೊಂದಿಕೊಳ್ಳುವುದಿಲ್ಲ. ಸನ್ಯಾಸಕ್ಕೆ ಹೊರಟವನ ಬಾಯಲ್ಲಿ ದುರ್ಗ, ಬೊಕ್ಕಸ, ಬೇಹುಗಾರರ ಮಾತುಗಳು ವಿಚಿತ್ರವಾಗಿಯೇ ಕೇಳಿಸುತ್ತವೆ. ಆಡುತ್ತಿರುವವನು ಯಾಮುನನಲ್ಲ, 1509ರಿಂದ 1529ರ ವರೆಗೆ ಆಳಿದ ರಾಯನೇ ಎಂಬುದು ಸ್ಪಷ್ಟ. ಕಾವ್ಯದೃಷ್ಟಿಯಿಂದ ದೋಷವಾದರೂ ನಮಗೆ ಲಾಭವೇ ಆಯಿತು.

ಅಲ್ಲಿಯ ಒಂದು ಪದ್ಯದ ತಾತ್ಪರ್ಯವು ಪ್ರಕೃತಕ್ಕೆ ಮುಖ್ಯವಾದುದು. ರಾಜನು ದೇಶದ ಹಿತವನ್ನು ಬಯಸಿದರೆ ದೇಶವೂ ಅವನ ಹಿತವನ್ನು ಬಯಸುವುದು. ಬರಿಯ ಬಯಕೆಯಿಂದ ಏನಾದೀತೆಂದು ಶಂಕಿಸಬಾರದು, ಜನರೆಲ್ಲ ಏಕಮನಸ್ಸಿನಿಂದ ಬಯಸಿದುದನ್ನು ಅವರೊಳಗಿರುವ ಅಂತರಾತ್ಮನು ನಡೆಸದಿರುವನೆ ಎಂದು ಭಾವ. ಜನರ ಇಚ್ಛೆಗೆ ಇದಕ್ಕಿಂತ ಎತ್ತರದ ಪೀಠವನ್ನು ಯಾವ ರಾಜನು ಕೊಟ್ಟಿರುವನು? ಆದರೆ ಅದೇ ರಾಯನು ಚಾಡಿಯ ವಿಷಯದಲ್ಲಿ ಎಚ್ಚರಿಸುತ್ತಾನೆ: ಒಡನೆ ನಂಬಲೂ ಕೂಡದು, ಒಡನೆ ತಳ್ಳಲೂ ಕೂಡದು, ವಿಚಾರಿಸಬೇಕು. ಈ ಎರಡನ್ನು ಒಟ್ಟಿಗಿಟ್ಟು ನೋಡಿದರೆ ರಾಯನ ಮತವು ತಿಳಿಯುತ್ತದೆ. ಜನರ ಇಚ್ಛೆ ಬೇರೆ, ಜನರ ಹೆಸರಿನಲ್ಲಿ ಬಂದ ಸುದ್ದಿ ಬೇರೆ. ಭವಭೂತಿಯ ರಾಮನಿಗೆ ಈ ಭೇದವು ತೋರಲಿಲ್ಲ. ಕಷ್ಟದಲ್ಲಿರುವವರು ಕೂಗಿಕೊಂಡರೆ ಬೇಸರಿಸದೆ ಕೇಳಿ ತೀರಿಸು ಎಂಬುದು ರಾಯನ ಮೊದಲ ಬುದ್ಧಿವಾದ. ತೀರಿಸುವ ಬಗೆಯು ಆಳುವವನ ವಿವೇಚನೆಗೆ ಬಿಟ್ಟುದು. ಚಿಕ್ಕ ಸೀಮೆಯಲ್ಲಿಯೂ ಕೆರೆಕಾಲುವೆಗಳನ್ನು ಮಾಡಿಸಿ ಬಡ ಒಕ್ಕಲಿಗೆ ತೆರಿಗೆಯಲ್ಲಿ ಇಳಿತ ಕೊಟ್ಟರೆ ಅರ್ಥವೂ ಧರ್ಮವೂ ಬೆಳೆಯುವುವೆಂದು ಆತನೇ ಹೇಳಿರುವನು. ಹಂಪೆಯ ಬಯಲಿಗೆ ಇಂದಿಗೂ ನೀರುಣಿಸುವ ತುರ್ತುಕಾಲುವೆಯನ್ನು ನೋಡಿದವರಿಗೆ ಇದು ಕವಿಸಮಯವೆಂದು ತೋರಲಾರದು.

ಎಲ್ಲಕ್ಕಿಂತ ತೀಕ್ಷ್ಣವಾದುದು ಅಧಿಕಾರಿಯನ್ನು ಕುರಿತ ಪದ್ಯ. ಕಷ್ಟಕ್ಕೆ ಸಿಕ್ಕಿ ಊರು ಬಿಟ್ಟುಹೋದ ಪ್ರಜೆಗಳನ್ನು ಮರಳಿ ಕರೆಯದೆ, ಅವರ ದನವನ್ನೂ ಕಾಳನ್ನೂ ಮಾರಿಕೊಂಡು, ಅವರ ಮನೆಯ ಮರಮುಟ್ಟನ್ನು ಒಲೆಗಿಡುವ ಅಧಿಕಾರಿಯನ್ನು ರಾಯನು ರಣರಂಗದ ನರಿಗೆ ಹೋಲಿಸಿದ್ದಾನೆ. ಅಂಥವನಿದ್ದರೆ ಭೂಮಿಯೆಲ್ಲ ವಶವಾದರೂ ದೊರೆಗೆ ಫಲವಿಲ್ಲವಂತೆ.

ಈ ಮಾತುಗಳನ್ನು ನಮ್ಮ ಕಾಲದ ಸಂಗತಿಗಳ ಮೇಲಿಟ್ಟು ನೋಡೋಣ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಘನವಿದ್ವಾಂಸರು ತುಂಗಭದ್ರಾ ಯೋಜನೆಯ ಅನುಕೂಲವನ್ನು ಎಣಿಸಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಆಂಧ್ರಕ್ಕೆ ಸೇರಲೆಂದು ಸೂಚಿಸಿದರು. ಎರಡೇ ವರ್ಷಗಳ ಹಿಂದೆ, 1953ರ ಅಕ್ಟೋಬರ್ 1ರಂದು, ಈ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದವು. ಇಲ್ಲಿಯ ಕನ್ನಡಿಗರು ಕೂಗಿಕೊಂಡರು. ಸರ್ಕಾರವು ಆ ಸೂಚನೆಯನ್ನು ಒಪ್ಪಲಿಲ್ಲ. ಕಾಲುವೆಯ ಲೆಕ್ಕವನ್ನು ಆಯೋಗವು ಚೆನ್ನಾಗಿಯೇ ಮಾಡಿದ್ದಿರಬಹುದು. ಆದರೆ ತಾವು ಯಾರೊಡನೆ ಬಾಳಬೇಕೆಂಬುದನ್ನು ಜನರೇ ಹೇಳಬೇಕಲ್ಲದೆ ಇಂಜಿನಿಯರರು ಹೇಳಬಲ್ಲರೆ?

ಎಲ್ಲ ಸಂದರ್ಭಗಳೂ ಇಷ್ಟು ಸರಳವಲ್ಲ. 2020ರ ನವೆಂಬರಿನಲ್ಲಿ ವಿಜಯನಗರ ಜಿಲ್ಲೆಯ ಪ್ರಸ್ತಾಪವು ಬಂದಾಗ ಹೊಸಪೇಟೆಯಲ್ಲಿ ಸಂಭ್ರಮ, ಬಳ್ಳಾರಿಯಲ್ಲಿ ಬಂದ್! ಪೌರಜಾನಪದರು ಎರಡಾದಾಗ ಲೋಕಾರಾಧನೆ ಮಾಡುವುದು ಯಾರನ್ನು? ಆನೆಗೊಂದಿಯ ಸೇತುವೆಯದು ಇನ್ನೊಂದು ಬಗೆ. ಹರಿಗೋಲಿನಲ್ಲಿ ಹೊಳೆದಾಟುವವರು ಸೇತುವೆಯನ್ನು ಬೇಡಿದುದು ನ್ಯಾಯವೇ. ಅದು ಹಂಪೆಯ ಚೆಲುವಿಗೂ ಶಿಲೆಗಳಿಗೂ ಕುಂದೆಂದು 1999ರಲ್ಲಿ ಯುನೆಸ್ಕೋ ಸಂಸ್ಥೆಯು ಹಂಪೆಯನ್ನು ಅಪಾಯದ ಪಟ್ಟಿಗೆ ಸೇರಿಸಿತು. 2006ರ ವರೆಗೂ ಅದು ಅಲ್ಲಿಯೇ ಉಳಿಯಿತು. ಕೆಲಸ ನಿಂತಿತು, ಮತ್ತೆ ನಡೆಯಿತು. 2009ರ ಜನವರಿಯಲ್ಲಿ ಸೇತುವೆಯೇ ಕುಸಿದು ಕೂಲಿಗಾರರು ಪ್ರಾಣ ಬಿಟ್ಟರು.

ಹಂಪೆಯ ಬಜಾರಿನ ಸಂಗತಿಯಂತೂ ರಾಯನ ಪದ್ಯಕ್ಕೆ ವ್ಯಾಖ್ಯಾನದಂತಿದೆ. ವಿರೂಪಾಕ್ಷನ ರಥಬೀದಿಯ ಸಾಲುಮಂಟಪಗಳಲ್ಲಿ ನೂರಾರು ಕುಟುಂಬಗಳು ಅಂಗಡಿ, ಮನೆ ಮಾಡಿಕೊಂಡಿದ್ದವು. ಕಂಬಗಳಿಗೆ ಗೋಡೆ ಹಾಕಿದುದು, ಮೇಲೆ ಮಾಳಿಗೆ ಎಬ್ಬಿಸಿದುದು ಸರಿಯೆಂದು ನಾನು ಹೇಳಲಾರೆ. ಶಿಲೆಯನ್ನು ಕಾಯಬೇಕೆಂಬ ಅಧಿಕಾರಿಗಳ ವಿವೇಚನೆಯು ಯುಕ್ತವಾದುದೇ. ಅಲ್ಲಿ ಮತ ಕೇಳಿದ್ದರೆ ಮಂಟಪಗಳು ಉಳಿಯುತ್ತಿರಲಿಲ್ಲ. ಆದರೆ 2011ರ ಜುಲೈ ತಿಂಗಳಲ್ಲಿ ಆ ಮನೆಗಳನ್ನು ಕೆಡವಿದ ಬಗೆ? ಕಡ್ಡಿರಾಂಪುರದಲ್ಲಿ ಬದಲು ನೆಲೆಯನ್ನು ಸಿದ್ಧಗೊಳಿಸಿ ಅನಂತರ ಕೆಡವಿದ್ದರೆ ಯಾವ ಶಿಲೆಗೆ ನೋವಾಗುತ್ತಿತ್ತು? ಜನರ ಇಷ್ಟವನ್ನು ಮೀರುವುದಕ್ಕೆ ಅಧಿಕಾರಿಗೆ ಹಕ್ಕುಂಟು. ಅವರ ಕೂಗನ್ನು ಕೇಳದಿರುವುದಕ್ಕೆ, ಹೊರಟವರನ್ನು ಕರೆದು ನಿಲ್ಲಿಸದಿರುವುದಕ್ಕೆ ಯಾವ ನೀತಿಗ್ರಂಥವೂ ಹಕ್ಕು ಕೊಟ್ಟಿಲ್ಲ.

ಹೀಗೆಂದು ರಾಯನನ್ನು ನಿರ್ದೋಷಿಯೆನ್ನಲೂ ಬಾರದು. ಹೊಸ ಪಟ್ಟಣದ ಬಳಿ ಆತನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಏರಿ ಒಡೆದಾಗ, ಬ್ರಾಹ್ಮಣರ ಸಲಹೆಯಂತೆ ಅರವತ್ತು ಮನುಷ್ಯರನ್ನೂ ಕುದುರೆ ಕೋಣಗಳನ್ನೂ ಬಲಿಕೊಡಿಸಿದನೆಂದು ಪೋರ್ಚುಗೀಸರ ಪಾಯೆಸನು ಬರೆದಿಟ್ಟಿದ್ದಾನೆ. ನೀತಿಯನ್ನು ಬರೆದ ಕೈಯೇ ಆ ಆಜ್ಞೆಯನ್ನೂ ಕೊಟ್ಟಿರಬೇಕು. ಆ ಅರವತ್ತು ಮಂದಿಯ ಕೂಗನ್ನು ಕೇಳಿಸುವ ದಾರಿ ಆತನ ಗ್ರಂಥದಲ್ಲಿಲ್ಲ. ಅಲ್ಲಿ ಎಲ್ಲವೂ ರಾಜನ ಕಿವಿಯೊಂದನ್ನೇ ಅವಲಂಬಿಸಿದೆ. ಕೇಳದ ರಾಜನನ್ನು ಇಳಿಸುವ ಉಪಾಯವನ್ನು ರಾಯನು ಹೇಳಲಿಲ್ಲ, ಹೇಳುವುದೂ ಶಕ್ಯವಿರಲಿಲ್ಲ. ಬ್ರಿಸ್ಟಲಿನವರು ಬರ್ಕನಿಗೆ ತೋರಿಸಿದ ಬಾಗಿಲು ವಿಜಯನಗರದಲ್ಲಿರಲಿಲ್ಲವೆಂಬುದನ್ನು ಮರೆಯತಕ್ಕದ್ದಲ್ಲ.

ಭವಭೂತಿಗೆ ಮಾತ್ರ ಒಂದು ಉಪಾಯ ಹೊಳೆದಿತ್ತು. ಏಳನೆಯ ಅಂಕದಲ್ಲಿ, ಹನ್ನೆರಡು ವರ್ಷಗಳಾದ ಮೇಲೆ, ಗಂಗಾತೀರದಲ್ಲಿ ಸಮಸ್ತ ಪೌರಜಾನಪದರು ನೆರೆದಿರುವಾಗ, ಅರುಂಧತಿಯು ಸೀತೆಯನ್ನು ಮುಂದಿಟ್ಟುಕೊಂಡು ಅವರನ್ನೇ ನೇರವಾಗಿ ಕೇಳುವಳು: ಇವಳ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು? ನಾಟಕದಲ್ಲಿ ಆ ಜನರನ್ನು ಯಾರಾದರೂ ಕೇಳಿದುದು ಅದೇ ಮೊದಲು. ಅವರು ಸೀತೆಗೆ ನಮಸ್ಕಾರಮಾಡುವರು.